ಮಾರಿಯಮ್ಮನ ತಂಗಡಿ, ನಲವತ್ತು ಮಂದಿ ಸಾರ್ವಜನಿಕರು

ಇಪ್ಪತ್ತಾರು ಮಹಡಿಗೆ ಅನುಮತಿ ಇದ್ದವನಿಗೆ ಮೂವತ್ತನಾಲ್ಕು ಮಹಡಿ ಕಟ್ಟುವ ಆಸೆ ಹುಟ್ಟಿದಾಗ ಸಾರ್ವಜನಿಕರ ನೆನಪಾಗುತ್ತದೆ. ನಮ್ಮ ಧಣಿಗೂ ಹಾಗೇ ಆಯಿತು. ವೈಟ್‌ಫೀಲ್ಡಿನಲ್ಲಿ ಅವರು ಎಬ್ಬಿಸಿದ ಗಾಜಿನ ಟವರಿಗೆ ಮೇಲಿನ ಎಂಟು ಮಹಡಿ ದಕ್ಕಿದ್ದು ಒಂದೇ ಷರತ್ತಿನ ಮೇಲೆ. ತಾರಸಿಯ ಮೇಲೆ ಉದ್ಯಾನ ಮಾಡಬೇಕು, ಅದು ಎಲ್ಲರಿಗೂ ತೆರೆದಿರಬೇಕು. ಷರತ್ತು ಓದಿ ಧಣಿ ನಕ್ಕರಂತೆ. ನಾನು ನೋಡಿಲ್ಲ. ಧಣಿ ನಗುವ ಮಹಡಿಯಲ್ಲಿ ನನಗೆ ಕೆಲಸವಿಲ್ಲ.

ನಾನು ಸುಬ್ರಮಣಿ, ಊರು ಬಂಗಾರಪೇಟೆ. ಆ ಟವರಿನ ನೆಲಮಹಡಿಯಲ್ಲಿ ನಿರ್ವಹಣಾ ಆಫೀಸು ಅಂತ ಒಂದು ಕೋಣೆ ಇದೆ, ಅಲ್ಲಿ ಗುಮಾಸ್ತ. ದಿನಾ ಬೆಳಿಗ್ಗೆ ಮಾರಿಕುಪ್ಪದಿಂದ ಬರುವ ರೈಲು ಹಿಡಿದು ಹೋಗುತ್ತೇನೆ, ಸಂಜೆ ಅದೇ ದಾರಿಯಲ್ಲಿ ನಿಂತುಕೊಂಡು ವಾಪಸು ಬರುತ್ತೇನೆ. ನನ್ನ ಕತೆಯಲ್ಲಿ ಯಾರಿಗೂ ಏನೂ ಸಿಗುವುದಿಲ್ಲ. ಹೇಳಬೇಕಾದದ್ದು ಮಾರಿಯಮ್ಮನದು.

ಮಾರಿಯಮ್ಮ ಅದೇ ರೈಲಿಗೆ ಚಾಂಪಿಯನ್ ರೀಫ್ಸಿನಲ್ಲಿ ಹತ್ತುತ್ತಾಳೆ. ನಲವತ್ತಾರು ವರ್ಷ, ಗಟ್ಟಿ ಆಳು, ಮಾತು ಕಡಿಮೆ. ಹುಟ್ಟಿದ್ದು ಚಿನ್ನದ ಗಣಿ ಕಾರ್ಮಿಕರಿಗೆ ಸಾಲಾಗಿ ಕಟ್ಟಿದ ಲೈನ್ ಮನೆಯಲ್ಲಿ. ಬೂದಿಕೋಟೆಗೆ ಸೊಸೆಯಾಗಿ ಹೋಗಿ ಹನ್ನೆರಡು ವರ್ಷ ಹೊಲದಲ್ಲಿ ಗೆಯ್ದಳು, ಹಸು ಕರೆದು ಡೇರಿಗೆ ಹಾಲು ಹಾಕಿದಳು. ಗಂಡ ವೇಣು ಒಂದು ದಿನ ಇನ್ನೊಬ್ಬಳನ್ನು ಮನೆಗೆ ಕರೆತಂದು, ಇಬ್ಬರೂ ಹೊಂದಿಕೊಂಡು ಹೋಗಿ ಎಂದು ಬುದ್ಧಿ ಹೇಳಿದ. ಅಂಥ ಬುದ್ಧಿವಂತನ ಜೊತೆ ವಾದ ಮಾಡುವುದು ಬೇಡವೆಂದು ಇವಳು ಬಟ್ಟೆಗಂಟು ಎತ್ತಿಕೊಂಡು ಅಪ್ಪನ ಮನೆಗೆ ಬಂದಳು. ಆಮೇಲೆ ನಮ್ಮ ಟವರಿನಲ್ಲಿ ಹೌಸ್‌ಕೀಪಿಂಗ್ ಕೆಲಸಕ್ಕೆ ಸೇರಿದಳು, ಅಂದರೆ ಕಸ ಗುಡಿಸುವ ಕೆಲಸ.

ಅಪ್ಪ ಪೆರುಮಾಳ್. ಇಪ್ಪತ್ತೊಂಬತ್ತು ವರ್ಷ ಗಣಿಯೊಳಗೆ ಇಳಿದವರು. ಬಂಡೆ ಕುಸಿಯದ ಹಾಗೆ ಮರದ ದಿಮ್ಮಿ ನಿಲ್ಲಿಸಿ ಸೂರಿಗೆ ಆನಿಕೆ ಕೊಡುವುದು ಅವರ ಕೆಲಸ. ಗಣಿ ಮುಚ್ಚಿ ಇಷ್ಟು ವರ್ಷವಾದರೂ ಅದರ ಧೂಳು ಅವರ ಎದೆಯಲ್ಲೇ ಉಳಿದುಕೊಂಡಿದೆ. ಹತ್ತು ಹೆಜ್ಜೆ ನಡೆದರೆ ನಿಂತು ಉಸಿರು ಎಳೆದುಕೊಳ್ಳಬೇಕು.

ಉದ್ಯಾನ ಮಾಡಲು ಧಣಿ ಮೊದಲು ಕರೆಸಿದ್ದು ಒಬ್ಬ ಸಲಹೆಗಾರರನ್ನು. ಆ ಮಹಾನುಭಾವರು ಹ್ಯಾಟು ಹಾಕಿಕೊಂಡು ತಾರಸಿಯ ಮೇಲೆ ಎರಡು ದಿನ ಕಣ್ಣು ಮುಚ್ಚಿ ನಿಂತಿದ್ದರು. ಜಾಗದ ಜೊತೆ ಮಾತಾಡುತ್ತಿದ್ದರಂತೆ. ಜಾಗ ಏನು ಹೇಳಿತೋ, ಮೂರನೆಯ ದಿನ ಪರದೇಶದ ಹುಲ್ಲು, ನೇರಳೆ ಹೂವಿನ ಗಿಡ, ಜಪಾನಿನ ಬಿದಿರು ಎಲ್ಲ ಪಟ್ಟಿಯಲ್ಲಿ ಬಂದವು. ಫೆಬ್ರವರಿಯಲ್ಲಿ ನೆಟ್ಟರು, ಫೋಟೋ ತೆಗೆದರು. ಏಪ್ರಿಲ್ ಹೊತ್ತಿಗೆ ಹುಲ್ಲು ಹಳೇ ಚಾಪೆಯಾಗಿತ್ತು. ಬಿದಿರನ್ನು ಮೇ ತಿಂಗಳ ಗಾಳಿ ಎತ್ತಿಕೊಂಡು ಹೋಗಿ ಪಕ್ಕದ ಆಸ್ಪತ್ರೆಯ ಪಾರ್ಕಿಂಗಿಗೆ ಹಾಕಿತು. ಸಲಹೆಗಾರರು ಬಂದು ನೋಡಿ, ಗಿಡಗಳಿಗೆ ಎತ್ತರದ ಒತ್ತಡ ಆಗಿದೆ ಅಂದರು. ಅದನ್ನು ಕೇಳಿಕೊಂಡು ತಲೆದೂಗಿದವರಲ್ಲಿ ನಾನೂ ಒಬ್ಬ.

ಸತ್ತ ಗಿಡಗಳನ್ನು ಗೋಣಿಚೀಲಕ್ಕೆ ತುಂಬುತ್ತಿದ್ದ ಮಾರಿಯಮ್ಮ ನನ್ನ ಕಡೆ ನೋಡದೆಯೇ ಹೇಳಿದಳು.

"ಎತ್ರ ಅಲ್ಲ ಸಾರ್. ಗಾಳಿ. ಪಡುವಣದಿಂದ ಬರೋ ಗಾಳಿಗೆ ಅಡ್ಡ ಏನೂ ಇಲ್ವಲ್ಲ. ನಮ್ ಮನೆ ತಾವ ಸೈನೈಡ್ ಗುಡ್ಡದ ಮೇಲಿಂದ ಇಂಗೇ ಬೀಸೋದು."

ಗೊತ್ತಿಲ್ಲದವರಿಗೆ ಹೇಳುತ್ತೇನೆ. ಚಿನ್ನ ತೆಗೆದ ಮೇಲೆ ಉಳಿದ ಪುಡಿಯನ್ನು ಗಣಿಯವರು ರಾಶಿ ಹಾಕಿ ಹಾಕಿ ಆದ ಗುಡ್ಡಗಳು ಅವು. ಬೇಸಗೆಯ ಗಾಳಿಗೆ ಅದರ ಧೂಳು ಲೈನ್ ಮನೆಯ ಅನ್ನದ ತಟ್ಟೆಗೂ ಬರುತ್ತದೆ. ಅದರ ಅಂಚಿನಲ್ಲಿ ಇದ್ದುಕೊಂಡು ಬಾಗಿಲ ಮುಂದೆ ನಾಲ್ಕು ಗಿಡ ಉಳಿಸಿಕೊಂಡವರಿಗೆ ಗಾಳಿಯ ವಿಷಯ ಯಾವ ಹ್ಯಾಟಿನವನೂ ಕಲಿಸಬೇಕಾಗಿಲ್ಲ.

ಸಲಹೆಗಾರರು ಆಮೇಲೆ ಬರಲಿಲ್ಲ. ದುಡ್ಡು ಖಾಲಿಯಾಗಿ ಉದ್ಯಾನ ನಮ್ಮ ಮ್ಯಾನೇಜರ್ ಅಂಬರೀಶ್ ಸಾಹೇಬರ ತಲೆಗೆ ಬಂತು. ಈ ಅಂಬರೀಶ್ ಸಾಹೇಬರು ಎಂಥವರೆಂದರೆ, ಗಿಡದ ಹೆಸರು ತುಳಸಿ ಬಿಟ್ಟರೆ ಇನ್ನೊಂದು ಗೊತ್ತಿಲ್ಲ, ಆದರೆ ಸಸ್ಯಗಳ ಬಗ್ಗೆ ಅರ್ಧ ಗಂಟೆ ಇಂಗ್ಲಿಷಿನಲ್ಲಿ ಮಾತಾಡಬಲ್ಲರು. ಅವರು ಮಾರಿಯಮ್ಮನಿಗೆ, "ನೀನೇ ಏನಾದ್ರೂ ಮಾಡಮ್ಮ, ಹಸಿರು ಕಂಡ್ರೆ ಸಾಕು" ಅಂದರು. ಸಂಬಳ ಮಾತ್ರ ಕಸ ಗುಡಿಸುವವಳದೇ ಉಳಿಯಿತು.

ಅವಳು ಅಪ್ಪನನ್ನು ಕೇಳಿದಳು. ಅಪ್ಪ ಹೇಳಿದ್ದನ್ನು ಮರುದಿನ ರೈಲಿನಲ್ಲಿ ನನಗೆ ಒಪ್ಪಿಸಿದಳು.

"ಗಣೀಲಿ ಸಿಡಿಮದ್ದು ಸಿಡಿಸಿದ್ ಮೇಲೆ ಮೊದ್ಲು ಸೂರಿಗೆ ಆನಿಕೆ ಕೊಡೋದು, ಆಮೇಲೇ ಒಳೀಕೆ ಓಗೋದು ಅಂತೆ. ಇಲ್ಲೂ ಅಂಗೇ. ಮೊದ್ಲು ಪಡುವಣಕ್ಕೆ ಬೇಲಿ, ಆಮೇಲೆ ತ್ವಾಟ. ಅಪ್ಪ ಆವಾರಂ ಆಕು ಅಂದ್ರು."

ಆವಾರಂ ಎಂದರೆ ನಮ್ಮ ತಂಗಡಿ. ಬಂಗಾರಪೇಟೆಯಿಂದ ಬೂದಿಕೋಟೆ ದಾರಿಯ ಎರಡೂ ಕಡೆ ಯಾರೂ ನೆಡದೆ, ಯಾರೂ ನೀರು ಹಾಕದೆ ಹಳದಿ ಹೂ ಬಿಟ್ಟುಕೊಂಡು ನಿಂತಿರುವ ಗಿಡ. ಸಂಕ್ರಾಂತಿಗೆ ಬಾಗಿಲಿಗೆ ಕಟ್ಟಲು ಬಿಟ್ಟರೆ ಬೇರೆ ದಿನ ಯಾರೂ ಅದರ ಕಡೆ ತಿರುಗಿ ನೋಡುವುದಿಲ್ಲ. ಪೆರುಮಾಳ್ ಉಸಿರು ಕಟ್ಟುವ ಎದೆ ಹೊತ್ತುಕೊಂಡು ಗುಡ್ಡದ ಅಂಚಿನಲ್ಲಿ ಕೂತು ಕೂತು ನಡೆದು ಒಣಗಿದ ಕಾಯಿ ಆರಿಸಿದರು. ಎರಡು ಬೇಸಗೆ ಆರಿಸಿದರು. ಹಳೇ ಬನಿಯನ್ನಿನ ಚೀಲದಲ್ಲಿ ಕಟ್ಟಿ ಮಗಳ ಕೈಲಿ ಕಳಿಸಿದರು.

ಮಾರಿಯಮ್ಮ ತಾರಸಿಯ ಪಡುವಣ ಅಂಚಿಗೆ, ನೀರಿನ ಟ್ಯಾಂಕುಗಳ ಹಿಂದೆ, ಮೊಣಕಾಲೆತ್ತರ ಮಣ್ಣಿನ ದಿಂಡು ಹಾಕಿದಳು. ಭಾರ ಹೆಚ್ಚಾಗಬಾರದೆಂದು ಅರ್ಧಕ್ಕರ್ಧ ತೆಂಗಿನ ನಾರಿನ ಪುಡಿ ಬೆರೆಸಿದಳು. ತಂಗಡಿ ಬೀಜವನ್ನು ಬಿಸಿನೀರಲ್ಲಿ ನೆನೆಹಾಕಿ ಎರಡು ಸಾಲು ಊರಿದಳು. ಅದು ಎದೆಮಟ್ಟ ಬರುವ ತನಕ ಬೇರೆ ಏನನ್ನೂ ನೆಡಲಿಲ್ಲ. ಅಂಬರೀಶ್ ಸಾಹೇಬರು, "ಏನಮ್ಮ ಇದು, ರಸ್ತೆ ಬದೀಲಿರೋದನ್ನ ತಂದು ಮೇಲೆ ನೆಟ್ಟಿದೀಯ" ಎಂದು ಮೂಗು ಮುರಿದರು. ಅವಳು ನೀರು ಹಾಕುತ್ತಲೇ ಇದ್ದಳು. ಎರಡನೆಯ ವರ್ಷ ಆ ಬೇಲಿಯ ಮರೆಯಲ್ಲಿ ಗರಿಕೆ ಹಬ್ಬಿತು. ಆಮೇಲೆ ದೊಡ್ಡಪತ್ರೆ, ಕನಕಾಂಬರ, ನುಗ್ಗೆ, ಒಂದು ಸೀತಾಫಲ. ಮೂರನೆಯ ವರ್ಷ ಮೇ ತಿಂಗಳ ಗಾಳಿ ಬಂದಾಗ ತಂಗಡಿ ಬಾಗಿ ಮತ್ತೆ ನೆಟ್ಟಗಾಯಿತು, ಹಿಂದಿದ್ದ ಯಾವುದೂ ಅಲುಗಲಿಲ್ಲ. ಅವತ್ತು ಅವಳು ರೈಲಿನಲ್ಲಿ ನಕ್ಕಿದ್ದು ನೆನಪಿದೆ. ಅದಕ್ಕೂ ಮುಂಚೆ ಅವಳು ನಕ್ಕಿದ್ದನ್ನು ನಾನು ಕಂಡಿರಲಿಲ್ಲ.

ಇಷ್ಟಾದ ಮೇಲೆ ಪೇಪರಿನವರು ಬಂದರು. ಅಪ್ಪ ಪಾತಾಳಕ್ಕೆ ಇಳಿದ, ಮಗಳು ಆಕಾಶಕ್ಕೆ ಏರಿದಳು ಎಂದು ಬರೆದರು. ಅದನ್ನು ಬರೆದ ಹುಡುಗಿ ಮಾರಿಯಮ್ಮನ ಸಂಬಳ ಎಷ್ಟೆಂದು ಕೇಳಲಿಲ್ಲ. ಫೋಟೋದಲ್ಲಿ ಅಂಬರೀಶ್ ಸಾಹೇಬರು ಸೀತಾಫಲದ ಮೇಲೆ ಕೈಯಿಟ್ಟು ನಿಂತಿದ್ದರು, ನೀರಿನ ಪೈಪು ಹಿಡಿದ ಮಾರಿಯಮ್ಮನ ಅರ್ಧ ಭುಜ ಮಾತ್ರ ಬಂದಿತ್ತು.

ಇನ್ನು ಸಾರ್ವಜನಿಕರು. ಟವರಿನ ಬಾಗಿಲಲ್ಲಿ "ತಾರಸಿ ಉದ್ಯಾನ, ಸರ್ವರಿಗೂ ಸ್ವಾಗತ" ಎಂದು ಹಿತ್ತಾಳೆಯ ಬೋರ್ಡು ಹೊಳೆಯುತ್ತಿತ್ತು. ಸರ್ವರೂ ಮೊದಲು ಮೊಬೈಲಿನಲ್ಲಿ ಹೆಸರು ನೋಂದಾಯಿಸಬೇಕು. ಆ ಆ್ಯಪಿನಲ್ಲಿ ಯಾವ ದಿನ ನೋಡಿದರೂ ಜಾಗ ಭರ್ತಿ. ಭರ್ತಿ ಎಂದು ತೋರಿಸುವ ಹಾಗೆ ಅದನ್ನು ಮಾಡಿಸಿದ್ದು ಯಾರೆಂದು ನನಗೆ ಗೊತ್ತು, ಆ ಟಿಪ್ಪಣಿ ಟೈಪು ಮಾಡಿದವನು ನಾನೇ. ಮೂರು ವರ್ಷದಲ್ಲಿ ಮೇಲೆ ಬಂದ ಸಾರ್ವಜನಿಕರೆಂದರೆ ಯೋಗ ಮಾಡುವ ಒಂದು ಗುಂಪು, ಮದುವೆಗೆ ಮುಂಚೆ ಫೋಟೋ ತೆಗೆಸಿಕೊಳ್ಳುವ ಜೋಡಿಗಳು, ಧಣಿಯ ನಾಯಿ.

ಮಾರಿಯಮ್ಮ ನನ್ನನ್ನು ಕೇಳಿದ್ದು ಒಂದೇ. ಮೂರು ವರ್ಷದಲ್ಲಿ ಮೂರು ಸಲ ಕೇಳಿದಳು.

"ಅಪ್ಪನ್ನ ಒಂದ್ ಕಿತ ಮೇಲಕ್ಕೆ ಕರ್ಕೊಂಡೋಗ್ಬೋದಾ ಸಾರ್? ಲಿಫ್ಟಲ್ಲಿ ತಾನೇ. ನಡೆಯೋದೇನಿಲ್ಲ. ಅವ್ರು ಕೊಟ್ಟ ಬೀಜ ಏನಾಗೈತೆ ಅಂತ ನೋಡ್ಬೇಕು ಅಂತಾವ್ರೆ. ಉಸಿರು ವರ್ಸ ವರ್ಸಕ್ಕೂ ಕಮ್ಮಿ ಆಯ್ತೈತೆ."

ನಾನು ಅಂಬರೀಶ್ ಸಾಹೇಬರನ್ನು ಕೇಳುತ್ತೇನೆ ಅನ್ನುತ್ತಿದ್ದೆ. ಸಾಹೇಬರು, ಸಿಬ್ಬಂದಿಯ ಮನೆಯವರು ಸಾರ್ವಜನಿಕರ ಲೆಕ್ಕಕ್ಕೆ ಬರುವುದಿಲ್ಲ ಅನ್ನುತ್ತಿದ್ದರು. ಯಾವ ಪುಸ್ತಕದಲ್ಲಿ ಹಾಗೆ ಬರೆದಿದೆ ಎಂದು ನಾನು ಕೇಳಿದ್ದಿಲ್ಲ. ನನ್ನ ಬಾಯಿಗೆ ನಾನೇ ಹಾಕಿಕೊಂಡ ಬೀಗ ಅದು, ಬೇರೆ ಯಾರನ್ನೂ ದೂರುವಂತಿಲ್ಲ.

ಹೋದ ವರ್ಷ ಜನವರಿಯಲ್ಲಿ ಅಂತಿಮ ತಪಾಸಣೆ ಗೊತ್ತಾಯಿತು. ಅಧಿಕಾರಿಗಳು ಬಂದು ಉದ್ಯಾನ ಇದೆಯೇ, ಸಾರ್ವಜನಿಕರು ಬಳಸುತ್ತಿದ್ದಾರೆಯೇ ಎಂದು ಕಣ್ಣಾರೆ ನೋಡಿ ಸಹಿ ಹಾಕಬೇಕು. ಉದ್ಯಾನವಂತೂ ಇತ್ತು. ಸಾರ್ವಜನಿಕರು ಇರಲಿಲ್ಲ. ಅಂಬರೀಶ್ ಸಾಹೇಬರು ನನ್ನನ್ನು ಕರೆದು ಕೂರಿಸಿದರು. ಅವರು ನನ್ನನ್ನು ಕೂರಿಸಿದ್ದು ಅದೇ ಮೊದಲು.

"ಸುಬ್ರಮಣಿ, ನಿಮ್ಮೂರ ಕಡೆ ರಾಜಕೀಯದವರ ಸಭೆಗೆ ಜನ ಕಳಿಸೋರು ಇರ್ತಾರಲ್ಲ, ಅವರ ಹತ್ರ ನಲವತ್ತು ಜನ ಹೇಳಿ. ಮಧ್ಯಾಹ್ನ ಬಿರಿಯಾನಿ ಕೊಡೋಣ. ನೋಡೋಕೆ ಚೆನ್ನಾಗಿರಬೇಕು, ಆದರೆ ತೀರಾ ಚೆನ್ನಾಗಿರಬಾರದು. ಸಾಮಾನ್ಯ ಜನ ಅನ್ನಿಸಬೇಕು. ವಯಸ್ಸಾದವರು ನಾಲ್ಕೈದು ಜನ ಇರಲಿ, ಫೋಟೋಗೆ ಒಳ್ಳೇದು."

ಬೆಂಗಳೂರಿನಲ್ಲಿ ಸಾಮಾನ್ಯ ಜನ ಸಿಗದೆ ಬಂಗಾರಪೇಟೆಯಿಂದ ಬಸ್ಸಿನಲ್ಲಿ ತರಿಸುವಷ್ಟು ಕೊರತೆಯಾಗಿದೆ ಎಂದು ಅವತ್ತು ನನಗೆ ಗೊತ್ತಾಯಿತು. ಹಲ್ಲು ಕಿರಿದು ಆಯಿತು ಸಾರ್ ಅಂದೆ. ರೈಲಿನಲ್ಲಿ ಇದನ್ನು ಮಾರಿಯಮ್ಮನಿಗೆ ಹೇಳಿದೆ.

"ಅಂಗಾದ್ರೆ ಆ ನಲವತ್ರಲ್ಲಿ ಅಪ್ಪನ್ನೂ ಸೇರಿಸ್ರಿ ಸಾರ್. ಸಿಬ್ಬಂದಿ ಮನೆಯೋರು ಅಂತ ಏಳ್ಬೇಡಿ. ಬಾಡಿಗೆ ಜನ ಅಂತ್ಲೇ ಬರ್ಲಿ."

"ನೀನೇ ಜೊತೇಲಿ ನಿಂತು ತೋರಿಸಮ್ಮ," ಅಂದೆ.

"ನನ್ನ ಅವತ್ತು ಮೂವತ್ಮೂರನೇ ಮಹಡಿ ಸಾಮಾನ್ ರೂಮಲ್ಲಿ ಇರು ಅಂದವ್ರೆ. ಕೆಲಸದೋರು ಕಾಣಬಾರ್ದಂತೆ. ನೀವು ಮೇಲೇ ಇರ್ತೀರಲ್ಲ. ಅಪ್ಪನ್ನ ಪಡುವಣ ಮೂಲೆಗೆ ಒಂದ್ ಐದ್ ನಿಮಿಷ ಕರ್ಕೊಂಡೋಗಿ, ಆವಾರಂ ತೋರ್ಸಿ. ಅಷ್ಟೇ ಸಾಕು."

"ಖಂಡಿತ," ಅಂದೆ. ಎದೆ ಮುಟ್ಟಿಕೊಂಡು ಹೇಳಿದೆ.

ತಪಾಸಣೆಯ ದಿನ ನಲವತ್ತು ಮಂದಿ ಸಾರ್ವಜನಿಕರು ಬಸ್ಸಿನಿಂದ ಇಳಿದರು. ಹೆಂಗಸರು ಮದುವೆಗೆ ಉಡುವ ಸೀರೆ ಉಟ್ಟಿದ್ದರು. ಎಲ್ಲರ ಕೊರಳಿಗೂ ನಂಬರು ಬರೆದ ಹಳದಿ ಪ್ಲಾಸ್ಟಿಕ್ ಬಿಲ್ಲೆ ಹಾಕಿದೆವು. ಬೆಂಕಿ ಅನಾಹುತದ ನಿಯಮ ಅದು. ಮೇಲೆ ಎಷ್ಟು ಜನ ಹೋದರು, ಎಷ್ಟು ಜನ ಇಳಿದರು ಎಂದು ತಿಳಿಯಬೇಕು, ಇಳಿದವರು ಬಿಲ್ಲೆಯನ್ನು ಬಾಗಿಲ ಬಳಿಯ ಡಬ್ಬಿಗೆ ಹಾಕಿ ಹೋಗಬೇಕು. ಡಬ್ಬಿ ಎಣಿಸಿ ಸಹಿ ಹಾಕುವುದು ನನ್ನ ಕೆಲಸ.

ಪೆರುಮಾಳ್ ಬಿಳಿ ಅಂಗಿ ತೊಟ್ಟು, ಗಡ್ಡ ನುಣ್ಣಗೆ ತೆಗೆಸಿಕೊಂಡು ಬಂದಿದ್ದರು. ಅವರಿಗೆ ಹದಿನೇಳನೇ ನಂಬರು. ಬೇರೆಯವರು ಬಿಲ್ಲೆಯನ್ನು ಹಾರದ ಹಾಗೆ ಹಾಕಿಕೊಂಡು ನಗುತ್ತಿದ್ದರೆ ಇವರು ಅದನ್ನು ಕೈಯಲ್ಲಿ ತಿರುಗಿಸಿ ನಂಬರು ಓದಿಕೊಂಡು ಅಂಗಿಯ ಒಳಗೆ ಸೇರಿಸಿದರು. ಲಿಫ್ಟಿನಲ್ಲಿ ಹೆಂಗಸರು ಒಬ್ಬರನ್ನೊಬ್ಬರು ಹಿಡಿದುಕೊಂಡರು. ಇವರು ಬೆನ್ನನ್ನು ಗೋಡೆಗೆ ಕೊಟ್ಟು, ಮೊಣಕಾಲು ಒಂದಿಷ್ಟು ಬಗ್ಗಿಸಿ, ಸುಮ್ಮನೆ ನಿಂತರು.

"ಬೆಲ್ ಒಡೆಯೋದಿಲ್ವಾ ಸಾಮಿ?" ಎಂದು ನನ್ನನ್ನು ಕೇಳಿದರು. "ಗಣಿ ಲಿಫ್ಟಲ್ಲಿ ಆಳು ಇರೋವಾಗ ಮೂರು ಬೆಲ್ ಒಡೀಬೇಕು. ಇಲ್ದಿದ್ರೆ ಮೋಟಾರಿನೋನಿಗೆ ಆಳೋ ಕಲ್ಲೋ ಎಂಗೆ ಗೊತ್ತಾಗೋದು?"

ಇಲ್ಲಿ ಅದನ್ನೆಲ್ಲ ಕೇಳುವವರಿಲ್ಲ ಎಂದು ಹೇಳಬೇಕು ಅನ್ನಿಸಿತು. ಅಷ್ಟರಲ್ಲಿ ಬಾಗಿಲು ತೆರೆಯಿತು.

ಮೇಲೆ ನೋಡಿದರೆ ಮಾರಿಯಮ್ಮನ ತೋಟ ಇರಲಿಲ್ಲ. ಅಂದರೆ ಇತ್ತು, ಕಾಣುತ್ತಿರಲಿಲ್ಲ. ಲಿಫ್ಟಿನ ಮುಂದಿನ ಮೂಡಣ ಭಾಗಕ್ಕೆ ನರ್ಸರಿಯಿಂದ ಒಂದು ದಿನದ ಬಾಡಿಗೆಗೆ ತಂದ ಕುಂಡಗಳನ್ನು ಜೋಡಿಸಿದ್ದರು. ಟ್ಯಾಂಕುಗಳ ಆಚೆ, ತಂಗಡಿ ಬೇಲಿಗೆ ಅಡ್ಡವಾಗಿ, ಹಸಿರೇ ಉಸಿರು ಎಂದು ಬರೆದ ಉದ್ದನೆಯ ಬಟ್ಟೆ ಕಟ್ಟಿದ್ದರು. ನಿಜವಾದ ಹಸಿರನ್ನು ಮುಚ್ಚಲು ಅದಕ್ಕಿಂತ ಒಳ್ಳೆಯ ಮಾತು ಅಂಬರೀಶ್ ಸಾಹೇಬರಿಗೂ ಸಿಗುತ್ತಿರಲಿಲ್ಲ.

ಸಾರ್ವಜನಿಕರನ್ನು ಬೆಂಚುಗಳ ಮೇಲೆ ಹರಡಿ ಕೂರಿಸಿದರು. ಎದ್ದು ಓಡಾಡಬೇಡಿ, ಉಗುಳಬೇಡಿ, ಹೂ ಕೀಳಬೇಡಿ, ಕ್ಯಾಮೆರಾ ಕಂಡರೆ ನಗಿ ಎಂದು ಹೇಳಲಾಯಿತು. ಅಧಿಕಾರಿಗಳು ಬಂದರು. ಬಾಡಿಗೆ ಕುಂಡದ ಮುಂದೆ ಬಾಡಿಗೆ ಅಜ್ಜಿಯೊಬ್ಬಳನ್ನು, "ದಿನಾ ಬರ್ತೀರಾ ಅಮ್ಮ?" ಎಂದು ಕೇಳಿದರು. ಅವಳು ಹೇಳಿಕೊಟ್ಟ ಹಾಗೆ ಹೌದೆಂದಳು. ಹನ್ನೊಂದು ನಿಮಿಷಕ್ಕೆ ಎಲ್ಲ ಮುಗಿಯಿತು. ಅಧಿಕಾರಿಗಳು ಎಳನೀರು ಕುಡಿದು ಇಳಿದರು.

ಅಧಿಕಾರಿಗಳ ಲಿಫ್ಟಿನ ಬಾಗಿಲು ಮುಚ್ಚಿದ್ದೇ ತಡ ಅಂಬರೀಶ್ ಸಾಹೇಬರು ಚಪ್ಪಾಳೆ ತಟ್ಟಿದರು. "ಆಯ್ತು, ಎಲ್ಲರೂ ಕೆಳಗೆ. ಊಟ ಬಸ್ಸಿನಲ್ಲಿ. ಸುಬ್ರಮಣಿ, ಬೇಗ ಖಾಲಿ ಮಾಡಿಸ್ರಿ, ಒಂದು ಗಂಟೆಗೆ ಧಣಿಯವರ ಗೆಸ್ಟು ಬರ್ತಾರೆ."

ಪೆರುಮಾಳ್ ಬೆಂಚಿನಿಂದ ಎದ್ದು ಉಸಿರು ಎಳೆದುಕೊಂಡು ನನ್ನ ಹತ್ತಿರ ಬಂದರು. "ಸಾಮಿ, ನನ್ ಮಗಳು ಮಾಡಿದ್ದು ಯಾವ ಕಡೆ?"

ನಲವತ್ತು ಹೆಜ್ಜೆ ಇತ್ತು. ಅಷ್ಟೇ. ನಡುವೆ ಎರಡು ಕಡೆ ನಿಂತು ಉಸಿರು ತೆಗೆದುಕೊಂಡರೂ ಐದು ನಿಮಿಷದ ದಾರಿ. ಅಂಬರೀಶ್ ಸಾಹೇಬರು ನನ್ನ ಕಡೆಯೇ ನೋಡುತ್ತಿದ್ದರು. ನಾನು, "ಇನ್ನೊಂದ್ ಸಲ ತಾತ. ಈಗ ಟೈಮಿಲ್ಲ. ಇನ್ನೊಂದ್ ಸಲ ಖಂಡಿತ" ಅಂದೆ. ಆ ಖಂಡಿತ ಎಂಬ ಮಾತನ್ನು ನಾನು ಎಷ್ಟು ಅಗ್ಗ ಮಾಡಿದ್ದೇನೆ ಎಂದು ನನಗೇ ಅಸಹ್ಯವಾಯಿತು.

ಮುದುಕರು ಬಟ್ಟೆಯ ಕಡೆ ಒಮ್ಮೆ, ನನ್ನ ಕಡೆ ಒಮ್ಮೆ ನೋಡಿದರು. ಅಂಗಿಯೊಳಗೆ ಕೈ ಹಾಕಿ ಬಿಲ್ಲೆಯನ್ನು ಮುಟ್ಟಿಕೊಂಡರು. ಆಮೇಲೆ ತಾವಾಗಿಯೇ ಲಿಫ್ಟಿಗೆ ನಡೆದರು.

ಕೆಳಗೆ ಬಂದಾಗ ಬಸ್ಸಿನವನು ಹಾರ್ನ್ ಮಾಡುತ್ತಿದ್ದ, ಬಿರಿಯಾನಿ ಪೊಟ್ಟಣಕ್ಕೆ ನೂಕಾಟ ನಡೆದಿತ್ತು. ಡಬ್ಬಿಯ ಕಡೆ ನೋಡದೆಯೇ ನಾನು ಹಾಳೆಯಲ್ಲಿ ಏರಿದವರು ನಲವತ್ತು, ಇಳಿದವರು ನಲವತ್ತು ಎಂದು ಬರೆದು ಸಹಿ ಹಾಕಿದೆ. ಸಂಜೆ ಡಬ್ಬಿ ಬಗ್ಗಿಸಿದಾಗ ಮೂವತ್ತೊಂಬತ್ತು ಬಿಲ್ಲೆ ಇದ್ದವು. ಹದಿನೇಳು ಇರಲಿಲ್ಲ. ಯಾರೂ ಕೇಳಲಿಲ್ಲ. ನಾನೂ ಯಾರಿಗೂ ಹೇಳಲಿಲ್ಲ.

ಸಹಿಯಾದ ಕಾಗದ ಕೈಗೆ ಬಂದ ವಾರಕ್ಕೆ ಹಿತ್ತಾಳೆಯ ಬೋರ್ಡು ಇಳಿಯಿತು. ತಾರಸಿ ಈಗ ಸದಸ್ಯರ ಕ್ಲಬ್ಬು. ಪಡುವಣಕ್ಕೆ ಗಾಜಿನ ಗೋಡೆ ಬರುತ್ತದೆ, ಅದರ ಮುಂದೆ ಮದ್ಯದ ಕಟ್ಟೆ, ಆ ಕಾಡುಗಿಡ ತೆಗಿ ಎಂದು ಮಾರಿಯಮ್ಮನಿಗೆ ಹೇಳಿದರು. ಅವಳು ಎರಡು ದಿನ ರಜೆ ಹಾಕಿದಳು. ಮೂರನೆಯ ದಿನ ಬಂದಳು, ಬರದೆ ಏನು ಮಾಡುತ್ತಾಳೆ. ಅವಳು ಗುದ್ದಲಿ ಹಿಡಿದುಕೊಂಡು ಲಿಫ್ಟಿಗೆ ಹೋಗುವಾಗ ನಾನು ಕಂಪ್ಯೂಟರಿನಲ್ಲಿ ಏನೋ ಹುಡುಕುವವನ ಹಾಗೆ ತಲೆ ತಗ್ಗಿಸಿದ್ದೆ.

ಅವತ್ತಿನಿಂದ ಅವಳು ರೈಲಿನಲ್ಲಿ ನನ್ನ ಜೊತೆ ಮಾತಾಡಲಿಲ್ಲ. ಒಂದೂವರೆ ತಿಂಗಳಾದ ಮೇಲೆ, ಟೇಕಲ್ ದಾಟುವಾಗ, ತಾನಾಗಿಯೇ ಬಂದು ಎದುರಿಗೆ ನಿಂತಳು.

"ಸಾರ್, ಆಪೀಸಲ್ಲಿ ಯಾರಾದ್ರೂ ಟೋಕನ್ ಕೇಳಿದ್ರಾ?"

ನನಗೆ ಮೊದಲು ಅರ್ಥವಾಗಲಿಲ್ಲ. ಅವಳೇ ಹೇಳಿದಳು. ಗಣಿಯಲ್ಲಿ ಇಳಿಯುವ ಪ್ರತಿಯೊಬ್ಬನಿಗೂ ಒಂದು ಹಿತ್ತಾಳೆ ಟೋಕನ್. ಮೇಲೆ ಬಂದವನು ಅದನ್ನು ಹಿಂದಿರುಗಿಸಿ ಹಲಗೆಯ ಮೊಳೆಗೆ ಹಾಕಿಸಬೇಕು. ಪಾಳಿ ಮುಗಿದಾಗ ಒಂದು ಮೊಳೆ ಖಾಲಿ ಇದ್ದರೆ ಒಬ್ಬ ಇನ್ನೂ ಒಳಗಿದ್ದಾನೆ ಎಂದೇ ಲೆಕ್ಕ. ಪೆರುಮಾಳ್ ಕೆಲಸಕ್ಕೆ ಸೇರಿದ ಹೊಸದರಲ್ಲಿ ಒಮ್ಮೆ ಜ್ವರದ ಅಮಲಿನಲ್ಲಿ ಟೋಕನ್ ಕೊಡುವುದನ್ನು ಮರೆತು ಮನೆಗೆ ಬಂದು ಮಲಗಿಬಿಟ್ಟಿದ್ದರಂತೆ. ಸೈರನ್ ಕೂಗಿತು. ಪಾಳಿ ಮುಗಿಸಿದ ಇನ್ನೂರು ಜನರನ್ನು ಗೇಟಿನಲ್ಲೇ ನಿಲ್ಲಿಸಿದರು. ಹನ್ನೆರಡು ಜನ ಮತ್ತೆ ಕೆಳಕ್ಕೆ ಇಳಿದು ನಾಲ್ಕು ಗಂಟೆ ಅವರ ಹೆಸರು ಹಿಡಿದು ಕೂಗಿದರು. ಕೊನೆಗೆ ಮೇಸ್ತ್ರಿ ಮನೆಗೇ ಹುಡುಕಿಕೊಂಡು ಬಂದು, ಚಾಪೆ ಮೇಲಿದ್ದವರನ್ನು ಎಬ್ಬಿಸಿ ಕಪಾಳಕ್ಕೆ ಬಿಟ್ಟು, ಆಮೇಲೆ ತಬ್ಬಿಕೊಂಡು ಅತ್ತನಂತೆ.

"ಅದ್ಕೇ ಅಪ್ಪ ಆ ಹಳ್ದಿ ಬಿಲ್ಲೆ ವಾಪಸ್ ಕೊಟ್ಟಿಲ್ಲ," ಅಂದಳು. "ನೋಡದೆ ಎಂಗೆ ಪಾಳಿ ಮುಗೀತು ಅಂತ ಕೊಡ್ಲಿ ಅಂತಾವ್ರೆ. ಲೆಕ್ಕದಲ್ಲಿ ಒಬ್ಬ ಕಮ್ಮಿ ಬಂದ್ರೆ ಆಪೀಸಿನೋರೇ ಉಡುಕ್ಕೊಂಡು ಬತ್ತಾರೆ, ಆಗ ನಾನೇ ಮೇಲಕ್ಕೋಗಿ ನೋಡ್ಕೊಂಡು ಕೊಟ್ಟು ಬತ್ತೀನಿ ಅಂತ, ದಿನಾ ಅಂಗಿ ಆಕ್ಕೊಂಡು ಬಾಗಿಲ ತಾವ ಕೂತ್ಕೊತಾವ್ರೆ. ಆವಾರಂ ಕಿತ್ತಿದ್ದು ನಾನು ಏಳಿಲ್ಲ. ನೀವು ಒಂದ್ ಸತಿ ಬಂದು ಏನಾದ್ರೂ ಏಳಿ ಸಾರ್."

ಆ ಭಾನುವಾರ ಹೋದೆ. ಲೈನ್ ಮನೆಯ ಬಾಗಿಲಲ್ಲಿ ಪೆರುಮಾಳ್ ಪ್ಲಾಸ್ಟಿಕ್ ಕುರ್ಚಿಯ ಮೇಲೆ ಕೂತಿದ್ದರು. ಅದೇ ಬಿಳಿ ಅಂಗಿ. ತಪಾಸಣೆಯ ದಿನಕ್ಕಿಂತ ಇಳಿದುಹೋಗಿದ್ದರು, ಕೊರಳಪಟ್ಟಿ ಸಡಿಲವಾಗಿತ್ತು. ನನ್ನನ್ನು ಕಂಡ ಕೂಡಲೇ ಎದ್ದು ನಿಲ್ಲಲು ಹೋದರು. ಮುಖ ಅರಳಿತು.

"ಬಂದ್ರಾ ಸಾಮಿ? ಸಿಟ್ ಮಾಡ್ಕೋಬೇಡಿ. ಬೇಕು ಅಂತ್ಲೇ ಇಟ್ಕೊಂಡೆ. ತುಂಬಾ ಉಡುಕಿದ್ರಾ?"

ದಾರಿಯುದ್ದಕ್ಕೂ ಒಂದು ಸುಳ್ಳನ್ನು ಚೆನ್ನಾಗಿ ಕಟ್ಟಿಕೊಂಡು ಬಂದಿದ್ದೆ. ತುಂಬಾ ಹುಡುಕಿದರು ತಾತ, ಆಮೇಲೆ ನಾನೇ ನಿಮ್ಮ ಹತ್ತಿರ ಇದೆ ಎಂದು ಹೇಳಿದೆ, ಗಿಡ ಎಲ್ಲ ಚೆನ್ನಾಗಿದೆ ಅಂತ. ಇಷ್ಟು ವರ್ಷ ಸಾಹೇಬರ ಮುಂದೆ ಹೇಳಿದ ಸುಳ್ಳುಗಳೆಲ್ಲ ಎಷ್ಟು ಸಲೀಸಾಗಿ ಬಂದಿದ್ದವು. ಆ ಮುಖದ ಮುಂದೆ ಇದೊಂದು ಬಾಯಿಗೆ ಬರಲಿಲ್ಲ.

"ಇಲ್ಲ ತಾತ. ಯಾರೂ ಹುಡುಕಲಿಲ್ಲ," ಅಂದೆ.

ಅವರು ಮಗಳ ಕಡೆ ನೋಡಿದರು. ಮಾರಿಯಮ್ಮ ಹೊಸಿಲಿಗೆ ಒರಗಿ ನಿಂತಿದ್ದಳು. "ಆವಾರಂ ಈಗಿಲ್ಲ ಅಪ್ಪಾ," ಅಂದಳು. "ಕಿತ್ತಾಕು ಅಂದ್ರು. ನಾನೇ ಕಿತ್ತೆ."

ಮುದುಕರು ಉಸಿರು ಎಳೆದುಕೊಂಡರು. ಅಂಗಿಯೊಳಗಿಂದ ಬಿಲ್ಲೆ ತೆಗೆದು ಅಂಗೈ ಮೇಲೆ ಇಟ್ಟುಕೊಂಡು ನೋಡಿದರು. ನನಗೆ ಕೊಡುತ್ತಾರೆ ಎಂದುಕೊಂಡು ಕೈ ಚಾಚಿದೆ.

"ಗಣಿ ಕಂಪ್ನಿಯೋರು ಕಳ್ರು ಸಾಮಿ," ಅಂದರು. "ನಮ್ ಎದೆ ತಿಂದ್ರು, ಪಿಂಚಣಿ ತಿಂದ್ರು. ಆದ್ರೂ ಇಳಿಸ್ದೋರನ್ನ ಎಣಿಸ್ತಿದ್ರು. ಒಬ್ಬ ಕಮ್ಮಿ ಬಂದ್ರೆ ಸೈರನ್ ಕೂಗೋದು. ನೀವು ಮೇಲಕ್ಕೆ ಕರ್ಕೊಂಡೋಗಿ ಎಣಿಸ್ನೇ ಇಲ್ವಲ್ಲ."

ನನ್ನ ಕೈ ಹಾಗೇ ಚಾಚಿಕೊಂಡಿತ್ತು. ಅವರು ಅದರ ಕಡೆ ನೋಡದೆ ಗೋಡೆ ಹಿಡಿದು ಎದ್ದರು. ಬಾಗಿಲ ಪಕ್ಕದಲ್ಲಿ ಒಂದು ಮೊಳೆ ಇತ್ತು, ಸಂಕ್ರಾಂತಿಗೆ ಕಟ್ಟಿದ ಒಣ ತಂಗಡಿಯ ಗೊಂಚಲು ಅದರಲ್ಲಿ ಇನ್ನೂ ನೇತಾಡುತ್ತಿತ್ತು. ಬಿಲ್ಲೆಯನ್ನು ಅದರ ಮೇಲೆ ತೂಗುಹಾಕಿದರು.

"ಇದು ಕೊಡಾಕಿಲ್ಲ. ನಾನಿನ್ನೂ ಇಳ್ದಿಲ್ಲ," ಎಂದು ಒಳಗೆ ಹೋದರು.

ಮಾರಿಯಮ್ಮ ಕಾಫಿ ಕುಡಿದು ಹೋಗಿ ಅಂದಳು. ನಾನು ಕುಡಿಯಲಿಲ್ಲ. ಮರುದಿನ ಆಫೀಸಿನಲ್ಲಿ ಫೈಲು ತೆಗೆದು ಆ ಹಾಳೆ ನೋಡಿದೆ. ಏರಿದವರು ನಲವತ್ತು, ಇಳಿದವರು ನಲವತ್ತು ಎಂದು ಬರೆದಿದೆ. ಕೆಳಗೆ ನನ್ನ ಸಹಿ ಇದೆ.